ನೀಹಾರಿಕೆಯ ಚಿತ್ರಕ್ಕಾಗಿ ವೀಕ್ಷಣಾ ಕೂಟಕ್ಕೆ ಏನನ್ನು ಹೊತ್ತೊಯ್ಯಬೇಕು?

ಆಕಾಶ ವೀಕ್ಷಣೆಯ ಕೂಟಕ್ಕೆ ಮೊದಲ ಸಲ ಹೋದಾಗ ನನ್ನ ಬಳಿ ಆಕಾಶದ ಜೊತೆಗೇ ದೂರದರ್ಶಕವನ್ನು ತಿರುಗಿಸುವ ದೊಡ್ಡ ಈಕ್ವಟೋರಿಯಲ್ ಮೌಂಟ್ ಇತ್ತು, 800 ಮಿ.ಮೀ. ಫೋಕಲ್ ಲೆಂತ್‌ನ ದೂರದರ್ಶಕ ಇತ್ತು, ಲ್ಯಾಪ್‌ಟಾಪ್ ಇತ್ತು, ಎರಡು ಬ್ಯಾಟರಿ ಇದ್ದವು. ನಕ್ಷತ್ರವೊಂದನ್ನು ಗಮನಿಸುತ್ತ ಮೌಂಟಿನ ತಪ್ಪು ತಿದ್ದುವ ಗೈಡ್ ಕ್ಯಾಮೆರಾದ ಕೇಬಲ್ ಇರಲಿಲ್ಲ. ಅದನ್ನು ಯಾರಿಂದಲೋ ಎರವಲು ತಂದು, ಮೌಂಟನ್ನು ಧ್ರುವಕ್ಕೆ ಜೋಡಿಸಿ, ಫೋಕಸ್ ಕೂಡಿಸುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ನಾನು ಹಿಡಿಯಬೇಕೆಂದಿದ್ದ ಅನಿಲ, ಧೂಳಿನ ಮೋಡ, ಕುದುರೆ ತಲೆ ನೀಹಾರಿಕೆ, ಮಹಾವ್ಯಾಧ (ಓರಿಯನ್) ಪುಂಜದ ಜೊತೆಗೆ ಪಶ್ಚಿಮಕ್ಕೆ ವಾಲಿತ್ತು.

ಪಕ್ಕದಲ್ಲಿ ಹಿರಿಯರೊಬ್ಬರು ಮಡಚುವ ಕುರ್ಚಿಯಲ್ಲಿ ಕುಳಿತಿದ್ದರು. "ಎಷ್ಟಾಯಿತು?" ಎಂದು ಕೇಳಿದರು.

"ಒಂಬತ್ತು ಫ್ರೇಮ್."

"ತೊಂಬತ್ತೇ? ಪರವಾಗಿಲ್ಲವಲ್ಲ!"

"ತೊಂಬತ್ತಲ್ಲ ಸರ್, ಒಂಬತ್ತು."

ಅವರು ಮುಂದೆ ಏನೂ ಕೇಳಲಿಲ್ಲ. ಅವರದು ಸಾಧಾರಣ ಡಿಎಸ್‌ಎಲ್‌ಆರ್, 135 ಮಿ.ಮೀ.ನ ಹಳೆಯ ಲೆನ್ಸ್, ಕೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಟ್ರ್ಯಾಕರ್. ಲೆನ್ಸಿಗೆ ಇಬ್ಬನಿ ಹಿಡಿಯದಂತೆ ಬಿಸಿಪಟ್ಟಿ ಸುತ್ತಿ, ಅದರ ಮೇಲೆ ಉಣ್ಣೆಯ ಕಾಲುಚೀಲವೊಂದರ ತುದಿ ಕತ್ತರಿಸಿ ತೊಡಿಸಿದ್ದರು. ಎಂಟು ಗಂಟೆಗೆಲ್ಲ ಶುರು ಮಾಡಿದವರು ಅಷ್ಟು ಹೊತ್ತಿಗೆ ಎರಡೂವರೆ ಗಂಟೆಯ ಬೆಳಕನ್ನು ಕೂಡಿಸಿಟ್ಟಿದ್ದರು. ಮಹಾವ್ಯಾಧನ ನಡುಪಟ್ಟಿ, ಖಡ್ಗ, ನಡುವಿನ ಧೂಳು ಎಲ್ಲವೂ ಒಂದೇ ಚೌಕಟ್ಟಿನಲ್ಲಿದ್ದವು. ನಾನು ಬೆನ್ನಟ್ಟಿದ್ದ ಕುದುರೆ ತಲೆ ಅವರ ಚಿತ್ರದ ಒಂದು ಬದಿಯಲ್ಲಿ ಉಗುರಿನಷ್ಟು ಗಾತ್ರದಲ್ಲಿ, ಆದರೆ ಸ್ಪಷ್ಟವಾಗಿ ಕೂತಿತ್ತು.

ಆ ರಾತ್ರಿಯಿಂದೀಚೆಗೆ ಕೂಟಕ್ಕೆ ಯಾವ ಸರಂಜಾಮು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಪ್ರಶ್ನೆ ಹಾಕುತ್ತೇನೆ: ಬೆಳಗಾಗುವಷ್ಟರಲ್ಲಿ ಅದು ಎಷ್ಟು ನಿಮಿಷದ ಬೆಳಕು ಕೂಡಿಸಿ ಕೊಡುತ್ತದೆ? ನೀಹಾರಿಕೆಯ ಚಿತ್ರ ಒಂದೇ ಕ್ಲಿಕ್ಕಿನಲ್ಲಿ ಆಗುವುದಲ್ಲ. ಹತ್ತಾರು, ನೂರಾರು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂಡಿಸಿ ಬರುವಂಥದು. ಒಟ್ಟು ಸಮಯ ನಾಲ್ಕು ಪಟ್ಟಾದರೆ ಚಿತ್ರದ ಕಾಳುಕಾಳಾದ ನಾಯ್ಸಿನ ಎದುರು ಬೆಳಕಿನ ಬಲ ಎರಡು ಪಟ್ಟಾಗುತ್ತದೆ. ಮನೆಯ ತಾರಸಿಯಲ್ಲಿ ಇವತ್ತು ಆಗದಿದ್ದರೆ ನಾಳೆ ಎನ್ನಬಹುದು. ಕೂಟದಲ್ಲಿ ಸಿಗುವುದು ಒಂದು ರಾತ್ರಿ, ಹೆಚ್ಚೆಂದರೆ ಎರಡು. ಅದರಲ್ಲೂ ಮೋಡ ತನ್ನ ಪಾಲು ಕೇಳುತ್ತದೆ.

ಬರೀ ಟ್ರೈಪಾಡ್

ಇದನ್ನು ತಳ್ಳಿಹಾಕುವವರೇ ಹೆಚ್ಚು. ಆದರೂ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಟ್ರೈಪಾಡ್ ಇಷ್ಟೇ ಇದ್ದರೂ ಮಹಾವ್ಯಾಧನ ನೀಹಾರಿಕೆ ಎಂ42 ಸಿಗುತ್ತದೆ. ಅದು ಬರಿಗಣ್ಣಿಗೇ ಮಸುಕಾಗಿ ಕಾಣುವಷ್ಟು ಪ್ರಕಾಶಮಾನ.

ತೊಡಕಿರುವುದು ಭೂಮಿಯ ತಿರುಗಾಟದಲ್ಲಿ. ಆಕಾಶದ ವಿಷುವದ್ವೃತ್ತದ ಬಳಿ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತವೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). ಇಂದಿನ ಹಲವು ಸೆನ್ಸರ್‌ಗಳ ಪಿಕ್ಸೆಲ್ ಗಾತ್ರ 3.76 ಮೈಕ್ರಾನ್. 50 ಮಿ.ಮೀ. ಲೆನ್ಸಿನಲ್ಲಿ ಅಂಥ ಒಂದು ಪಿಕ್ಸೆಲ್ ಆವರಿಸುವುದು ಹೆಚ್ಚುಕಡಿಮೆ ಅಷ್ಟೇ, 15.5 ಆರ್ಕ್‌ಸೆಕೆಂಡ್. ಅಂದರೆ ಸೆಕೆಂಡಿಗೊಂದು ಪಿಕ್ಸೆಲ್ ಜಾರಿತು ಎಂದೇ ಲೆಕ್ಕ. ಫೋಕಲ್ ಲೆಂತ್‌ನಿಂದ 500 ಅನ್ನು ಭಾಗಿಸಿ ಬಂದಷ್ಟು ಸೆಕೆಂಡ್ ಶಟರ್ ತೆರೆದಿಡಬಹುದು ಎಂಬ ಹಳೆಯ ಸೂತ್ರ 10 ಸೆಕೆಂಡ್ ಕೊಡುತ್ತದೆ. ಆಗ ಚುಕ್ಕಿ ಹೋಗಿ ಹತ್ತು ಪಿಕ್ಸೆಲ್ ಉದ್ದದ ಗೀರಾಗುತ್ತದೆ. ನಾಲ್ಕೈದು ಸೆಕೆಂಡಿಗೆ ನಿಲ್ಲಿಸುವುದು ಒಳ್ಳೆಯದು. ಐದು ಸೆಕೆಂಡಿನ 400 ಫ್ರೇಮ್ ತೆಗೆದರೆ ಸಿಗುವುದು 33 ನಿಮಿಷ. ಮಧ್ಯೆ ಮಧ್ಯೆ ಎದ್ದು ಕ್ಯಾಮೆರಾವನ್ನು ಮತ್ತೆ ನೀಹಾರಿಕೆಯತ್ತ ತಿರುಗಿಸುತ್ತಲೂ ಇರಬೇಕು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯನ್ನು ಮೊತ್ತಮೊದಲು ಛಾಯಾಚಿತ್ರದಲ್ಲಿ ಹಿಡಿದಾಗ 11 ಅಂಗುಲದ ದೂರದರ್ಶಕಕ್ಕೆ ಸುಮಾರು 50 ನಿಮಿಷ ಬೇಕಾಗಿತ್ತು. ಅದನ್ನು ನೆನೆದರೆ ಟ್ರೈಪಾಡಿನ ಅರ್ಧ ಗಂಟೆ ಬಡತನವೆನಿಸುವುದಿಲ್ಲ. ಆದರೆ ಎಂ42 ಬಿಟ್ಟು ಮುಂದಿನ, ಇನ್ನೂ ಮಬ್ಬಾದ ನೀಹಾರಿಕೆಗೆ ಹೋದೊಡನೆ ಈ ದಾರಿ ಮುಗಿಯುತ್ತದೆ.

ಸ್ಟಾರ್ ಟ್ರ್ಯಾಕರ್

ನನ್ನ ಮತ ಇದಕ್ಕೇ. ಟ್ರೈಪಾಡಿನ ಮೇಲೆ ಕೂರುವ ಒಂದೆರಡು ಕಿಲೋ ತೂಕದ ಯಂತ್ರ. ಅದರ ಅಕ್ಷವನ್ನು ಧ್ರುವದತ್ತ ಹೂಡಿದರೆ ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತದೆ. 135 ಮಿ.ಮೀ. ಲೆನ್ಸಿನಲ್ಲಿ 60ರಿಂದ 120 ಸೆಕೆಂಡಿನ ಫ್ರೇಮ್‌ಗಳು ಆರಾಮವಾಗಿ ಬರುತ್ತವೆ. ತೊಂಬತ್ತು ಸೆಕೆಂಡಿನ ನೂರು ಫ್ರೇಮ್ ಎಂದರೆ ಎರಡೂವರೆ ಗಂಟೆ. ಸಾಧಾರಣ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನಲ್ಲಿ ಚೌಕಟ್ಟು ಸುಮಾರು 10 ಡಿಗ್ರಿ ಅಗಲ, ಆರೂವರೆ ಡಿಗ್ರಿ ಎತ್ತರ. ರಾಜಹಂಸ ಪುಂಜದ ಉತ್ತರ ಅಮೆರಿಕ ನೀಹಾರಿಕೆ, ಅದರ ಪಕ್ಕದ ಪೆಲಿಕನ್, ಮೂರು ಡಿಗ್ರಿ ಹರಡಿದ ವೇಲ್, ಧನು ರಾಶಿಯ ಲಗೂನ್ ಮತ್ತು ಟ್ರಿಫಿಡ್ ಜೋಡಿ, ಇವೆಲ್ಲ ಈ ಅಗಲಕ್ಕೆ ಹೇಳಿ ಮಾಡಿಸಿದವು. ಆಕಾಶದ ಹೆಸರಾಂತ ನೀಹಾರಿಕೆಗಳಲ್ಲಿ ಬಹುಪಾಲು ದೊಡ್ಡವೇ. ಹೊಸಬರು ಇದನ್ನು ನಂಬುವುದಿಲ್ಲ. ದೂರದ ವಸ್ತು ಎಂದಮೇಲೆ ಸಣ್ಣದಿರಬೇಕು, ದೊಡ್ಡ ದೂರದರ್ಶಕ ಬೇಕು ಎಂಬ ಎಣಿಕೆ. ಉತ್ತರ ಅಮೆರಿಕ ನೀಹಾರಿಕೆಯ ಉದ್ದಕ್ಕೆ ಪೂರ್ಣಚಂದ್ರನನ್ನು ಸಾಲಾಗಿ ನಾಲ್ಕು ಸಲ ಇಡಬಹುದು. ಕಣ್ಣಿಗೆ ಕಾಣದಿರುವುದು ಅದು ಸಣ್ಣದೆಂದಲ್ಲ, ಮಸುಕೆಂದು.

ಟ್ರ್ಯಾಕರಿಗೆ ಧ್ರುವ ಜೋಡಣೆ ಬೇಕೇ ಬೇಕು. ಧ್ರುವ ನಕ್ಷತ್ರ ನಿಜವಾದ ಧ್ರುವದಲ್ಲಿಲ್ಲ, ಪೂರ್ಣಚಂದ್ರನ ಅಗಲಕ್ಕಿಂತ ಕೊಂಚ ಹೆಚ್ಚು ದೂರದಲ್ಲಿದೆ. ಹಾಗಾಗಿ ಧ್ರುವದರ್ಶಕದ ವೃತ್ತದಲ್ಲಿ ಅದನ್ನು ಆ ಹೊತ್ತಿನ ಸರಿಯಾದ ಸ್ಥಾನದಲ್ಲಿ ಕೂರಿಸಬೇಕು. ಸ್ಥಾನ ತೋರಿಸುವ ಆ್ಯಪ್‌ಗಳಿವೆ. ಧ್ರುವ ನಕ್ಷತ್ರ ನೀವಿರುವ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಅದು ಮರದ ಹಿಂದೆ ಅಡಗಿಬಿಡುತ್ತದೆ. ಆದ್ದರಿಂದ ಕೂಟಕ್ಕೆ ಬೆಳಕಿರುವಾಗಲೇ ಹೋಗಿ ಉತ್ತರ ದಿಗಂತ ತೆರೆದಿರುವ ಜಾಗ ಹಿಡಿಯಿರಿ. ದಕ್ಷಿಣ ಗೋಳಾರ್ಧದವರ ಪಾಡು ಇನ್ನೂ ಕಷ್ಟ: ಅಲ್ಲಿ ಧ್ರುವದ ಬಳಿ ಇರುವುದು 5.4 ಕಾಂತಿಮಾನದ ಸಿಗ್ಮಾ ಆಕ್ಟಾಂಟಿಸ್, ಕಣ್ಣು ಕಿರಿದಾಗಿಸಿ ಹುಡುಕಬೇಕಾದ ಚುಕ್ಕಿ.

ಫೋಕಸ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಲೆನ್ಸಿನ ಮುಂದೆ ಬಾಹ್ತಿನೋವ್ ಮಾಸ್ಕ್ ಎಂಬ ಸೀಳುಗಳಿರುವ ಮುಚ್ಚಳ ಇಟ್ಟು ಒಂದು ಪ್ರಕಾಶಮಾನ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿ. ಓರೆಯಾಗಿ ಹಾಯ್ದ ಎರಡು ಗೆರೆಗಳ ನಡುವೆ ಮೂರನೆಯ ಗೆರೆ ಅತ್ತಿತ್ತ ಸರಿಯುತ್ತಿರುತ್ತದೆ. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದರೂ ಅದು ಜಿಗಿಯುತ್ತದೆ. ಸರಿಯಾಗಿ ನಡುವಿಗೆ ಬಂದಾಗ ರಿಂಗಿಗೆ ಟೇಪ್ ಅಂಟಿಸಿ. ರಾತ್ರಿ ತಂಪೇರಿದಂತೆ ಲೆನ್ಸ್ ಕುಗ್ಗಿ ಫೋಕಸ್ ಜಾರುತ್ತದೆ. ಎರಡು ಗಂಟೆಗೊಮ್ಮೆ ಮತ್ತೆ ನೋಡಬೇಕು.

ದೊಡ್ಡ ಮೌಂಟ್, ದೂರದರ್ಶಕ

ಇದರ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ಕುದುರೆ ತಲೆಯ ಕತ್ತಿನ ತಿರುವು, ಈಗಲ್ ನೀಹಾರಿಕೆಯ ಧೂಳಿನ ಕಂಬಗಳು, ಎಂಟು ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ 60 ಆರ್ಕ್‌ಸೆಕೆಂಡ್) ಅಗಲದ ಡಂಬೆಲ್, ಅದಕ್ಕಿಂತಲೂ ಪುಟ್ಟದಾದ ವೀಣಾ ಪುಂಜದ ಉಂಗುರ ನೀಹಾರಿಕೆ, ಇವಕ್ಕೆ ಉದ್ದದ ಫೋಕಲ್ ಲೆಂತ್ ಬೇಕು. ಬೆಲೆಯೂ ಹಾಗೇ ತೆರಬೇಕು, ದುಡ್ಡಿನ ಮಾತಲ್ಲ. ಅದೇ 3.76 ಮೈಕ್ರಾನಿನ ಪಿಕ್ಸೆಲ್ 135 ಮಿ.ಮೀ.ನಲ್ಲಿ 5.7 ಆರ್ಕ್‌ಸೆಕೆಂಡ್ ಆವರಿಸಿದರೆ 800 ಮಿ.ಮೀ.ನಲ್ಲಿ ಒಂದಕ್ಕಿಂತ ಕಡಿಮೆ. ಎರಡು ಆರ್ಕ್‌ಸೆಕೆಂಡಿನ ತಪ್ಪು ಮೊದಲನೆಯದರಲ್ಲಿ ಕಾಣಿಸುವುದೇ ಇಲ್ಲ. ಎರಡನೆಯದರಲ್ಲಿ ಪ್ರತಿ ನಕ್ಷತ್ರವೂ ಮೊಟ್ಟೆಯ ಆಕಾರ ತಾಳುತ್ತದೆ. ಹಾಗಾಗಿ ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ, ಕಂಪ್ಯೂಟರ್, ಅವನ್ನೆಲ್ಲ ಬೆಸೆಯುವ ಕೇಬಲ್‌ಗಳು. ಒಂದು ಕೇಬಲ್ ಮರೆತರೆ ಏನಾಗುತ್ತದೆಂದು ಮೇಲೆ ಹೇಳಿದೆ.

ತೂಕಗಲ್ಲುಗಳೂ ಸೇರಿದರೆ ಇಪ್ಪತ್ತು ಕಿಲೋ ಮೀರುವುದು ಸಾಮಾನ್ಯ. ಈಚೆಗೆ ಬಂದಿರುವ ಹಾರ್ಮಾನಿಕ್ ಗೇರಿನ ಮೌಂಟ್‌ಗಳು ಹಗುರ, ತೂಕಗಲ್ಲೂ ಬೇಕಿಲ್ಲ. ಆದರೆ ಗೈಡಿಂಗ್ ಇಲ್ಲದೆ ಅವು ನಡೆಯುವುದಿಲ್ಲ. ನ್ಯೂಟೋನಿಯನ್ ದೂರದರ್ಶಕವಾದರೆ ದಾರಿಯ ಕುಲುಕಾಟಕ್ಕೆ ಕನ್ನಡಿ ಸರಿದಿರುತ್ತದೆ. ಅದನ್ನೂ ಹೊಂದಿಸಿಕೊಳ್ಳಬೇಕು. ಉದ್ದದ ಕೊಳವೆ ಗಾಳಿಗೆ ಪಟದಂತೆ ಅಲುಗಾಡುತ್ತದೆ. ಜನ ಓಡಾಡುವ ಬಯಲಿನಲ್ಲಿ ಒಬ್ಬರ ಕಾಲು ಟ್ರೈಪಾಡಿಗೆ ತಾಗಿದರೂ ಜೋಡಣೆ ಮೊದಲಿನಿಂದ ಆಗಬೇಕು.

ಮನೆಯಲ್ಲಿ ಹತ್ತು ಸಲವಾದರೂ ಕತ್ತಲಲ್ಲಿ ಕಟ್ಟಿ ಬಿಚ್ಚಿ, ಒಂದು ಗಂಟೆಯೊಳಗೆ ಗೈಡಿಂಗ್ ಹಿಡಿಸುವ ಕೈ ಪಳಗಿದೆ ಎಂದಾದರೆ ಒಯ್ಯಿರಿ. ಪಳಗಿಲ್ಲವಾದರೆ ಕೂಟ ಅದನ್ನು ಕಲಿಯುವ ಜಾಗವಲ್ಲ. ಹೊಸ ಉಪಕರಣದ ಪೆಟ್ಟಿಗೆಯನ್ನು ಕೂಟದ ಬಯಲಿನಲ್ಲೇ ಒಡೆಯುವವರನ್ನು ಪ್ರತಿ ಸಲವೂ ನೋಡುತ್ತೇನೆ. ಅವರು ರಾತ್ರಿಯಿಡೀ ಮ್ಯಾನ್ಯುಯಲ್ ಓದುತ್ತಿರುತ್ತಾರೆ.

ಸ್ಮಾರ್ಟ್ ದೂರದರ್ಶಕ

ಗುಂಡಿ ಒತ್ತಿದರೆ ತಾನೇ ಆಕಾಶವನ್ನು ಗುರುತಿಸಿ, ತಾನೇ ಫೋಕಸ್ ಮಾಡಿ, ಫ್ರೇಮ್‌ಗಳನ್ನು ಕೂಡಿಸಿ ಮೊಬೈಲಿನಲ್ಲಿ ತೋರಿಸುವ ಪೆಟ್ಟಿಗೆ. ಹಳಬರು ಮೂಗು ಮುರಿಯುತ್ತಾರೆ, ನಾನೂ ಮುರಿದಿದ್ದೆ. ಆದರೆ ನನ್ನ ಅಳತೆಗೋಲಿನಲ್ಲಿ ಅಳೆದರೆ ಇದನ್ನು ಮೀರಿಸುವುದು ಕಷ್ಟ, ಇಟ್ಟ ಹತ್ತು ನಿಮಿಷಕ್ಕೆ ಬೆಳಕು ಕೂಡಿಸಲು ತೊಡಗಿರುತ್ತದೆ. ಬಹಳ ಕಡೆ ಕಾಣಸಿಗುವ ಸೀಸ್ಟಾರ್ ಎಸ್50ಯನ್ನೇ ತೆಗೆದುಕೊಳ್ಳಿ: 50 ಮಿ.ಮೀ. ಮಸೂರ, 250 ಮಿ.ಮೀ. ಫೋಕಲ್ ಲೆಂತ್, ಒಳಗೇ ನೀಹಾರಿಕೆಯ ಎರಡು ಬಣ್ಣಗಳನ್ನಷ್ಟೇ ಒಳಬಿಡುವ ಎರಡು ಪಟ್ಟೆಯ ಫಿಲ್ಟರ್. ನೋಟದ ಹರವು ಸುಮಾರು 1.3 ಡಿಗ್ರಿ ಉದ್ದ, 0.7 ಡಿಗ್ರಿ ಅಗಲ. ಡಂಬೆಲ್, ಈಗಲ್‌ನಂಥವಕ್ಕೆ ಸಾಕಷ್ಟು ಜಾಗ. ಎಂ42 ಬಿಗಿಯಾಗಿ ಹಿಡಿಸುತ್ತದೆ. ವೇಲ್ ಬೇಕೆಂದರೆ ತುಂಡು ತುಂಡಾಗಿ ತೆಗೆದು ಜೋಡಿಸಬೇಕು.

ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುವ ಕ್ರಮದಲ್ಲಿ ಇಂಥವನ್ನು ನಡೆಸಿದಾಗ ಗುರಿ ನಡುವಿನಲ್ಲಿ ನಿಂತರೂ ಸುತ್ತಲಿನ ಆಕಾಶ ನಿಧಾನಕ್ಕೆ ಗಿರಕಿ ಹೊಡೆಯುತ್ತದೆ. ನೆತ್ತಿಯ ಹತ್ತಿರ ಇದು ಅತಿ ಹೆಚ್ಚು. ಅದಕ್ಕೇ ಫ್ರೇಮ್‌ಗಳು ಹತ್ತು, ಇಪ್ಪತ್ತು ಸೆಕೆಂಡಿನವಾಗಿರುತ್ತವೆ. ಕೂಡಿಸಿದ ಚಿತ್ರದ ಮೂಲೆಗಳನ್ನು ಕತ್ತರಿಸಬೇಕಾಗುತ್ತದೆ.

ಇದನ್ನು ಆರಿಸಲು ಇನ್ನೊಂದು ಕಾರಣವಿದೆ. ಕೂಟಕ್ಕೆ ಮಕ್ಕಳೂ ಬರುತ್ತಾರೆ, ಮೊದಲ ಸಲ ಆಕಾಶ ನೋಡುವವರೂ ಬರುತ್ತಾರೆ. ದೂರದರ್ಶಕದಲ್ಲಿ ಕಣ್ಣಿಟ್ಟವರಿಗೆ ನೀಹಾರಿಕೆ ಬೂದು ಬಣ್ಣದ ಉಸಿರಿನಂತೆ ಕಾಣುತ್ತದೆ, ಏಕೆಂದರೆ ಮಂದ ಬೆಳಕಿನಲ್ಲಿ ದುಡಿಯುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಪರದೆಯ ಮೇಲೆ ಕೆಂಪು ಮೆಲ್ಲನೆ ಒಸರುವುದನ್ನು ತೋರಿಸಿದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ನಾಲ್ಕು ಜನರಿಗೆ ತೋರಿಸುವುದು ನಿಮ್ಮ ಉದ್ದೇಶವಾದರೆ ಟ್ರ್ಯಾಕರಿಗಿಂತ ಇದೇ ಮೇಲು. ಗೋಡೆಗೆ ತೂಗುಹಾಕುವ ದೊಡ್ಡ ಮುದ್ರಣ ಬೇಕಾದರೆ ಅಲ್ಲ.

ಯಾವ ಕ್ಯಾಮೆರಾ

ನೀಹಾರಿಕೆಗಳ ಕೆಂಪು ಬರುವುದು ಹೈಡ್ರೋಜನ್ ಆಲ್ಫಾ ಗೆರೆಯಿಂದ, ಅಂದರೆ ಹೈಡ್ರೋಜನ್ ಸೂಸುವ ಒಂದೇ ಬಣ್ಣದ ಬೆಳಕಿನಿಂದ, 656.3 ನ್ಯಾನೋಮೀಟರಿನಲ್ಲಿ. ಮಾಮೂಲಿ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರ್ ಅಲ್ಲಿ ಕಾಲು ಭಾಗದಷ್ಟನ್ನೋ ಇನ್ನೂ ಕಡಿಮೆಯನ್ನೋ ಒಳಬಿಡುತ್ತದೆ. ಇದನ್ನು ಮನಗಂಡೇ ಕ್ಯಾನನ್ 2005ರಲ್ಲಿ 20ಡಿಎ, 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ಹೊರತಂದವು. ಹಳೆಯ ಡಿಎಸ್‌ಎಲ್‌ಆರ್ ಒಂದರ ಫಿಲ್ಟರ್ ಬದಲಿಸಿಕೊಂಡರೂ ಅದೇ ಫಲ. ಹಗಲಿನ ಚಿತ್ರಗಳಲ್ಲಿ ಮನುಷ್ಯರ ಮುಖ ಕೆಂಪೇರುತ್ತದೆ, ಅಷ್ಟೇ.

ತಂಪುಗೊಳಿಸುವ ಖಗೋಳ ಕ್ಯಾಮೆರಾ ಇವೆರಡಕ್ಕಿಂತ ಒಳ್ಳೆಯದು. ಸೆನ್ಸರಿನ ತಾಪ ಒಂದೇ ಸಮ ಇರುವುದರಿಂದ ಸೆನ್ಸರಿನ ನಾಯ್ಸನ್ನು ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಡಾರ್ಕ್ ಫ್ರೇಮ್‌ಗಳು ಸರಿಹೊಂದುತ್ತವೆ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ಬಿಡದೆ 12 ವೋಲ್ಟ್ ಬೇಕು. ಬಯಲಿನಲ್ಲಿ ವಿದ್ಯುತ್ತೇ ಚಿನ್ನ, ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಇಬ್ಬನಿಯ ಬಿಸಿಪಟ್ಟಿಗಳೂ ಅದರಿಂದಲೇ ಹೀರುತ್ತವೆ. ಕಪ್ಪು-ಬಿಳುಪು ಸೆನ್ಸರಿನ ಕ್ಯಾಮೆರಾ ಕೂಟಕ್ಕೆ ಬೇಡ. ಅದರಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆಯಬೇಕು. ಕೆಂಪು ಮುಗಿಸಿ ಹಸಿರಿಗೆ ಬರುವಷ್ಟರಲ್ಲಿ ಮೋಡ ಕವಿದರೆ ಚಿತ್ರವೇ ಇಲ್ಲ.

ಈಗಿರುವ ಕ್ಯಾಮೆರಾವನ್ನೇ ಒಯ್ಯಿರಿ ಎಂಬುದು ನನ್ನ ಸಲಹೆ. ಆ ಹಿರಿಯರದ್ದೂ ಬದಲಿಸದ ಕ್ಯಾಮೆರಾವೇ.

ಕತ್ತಲು ಸಿಕ್ಕಿದೆ, ಯಾವುದರ ಮೇಲೆ ಖರ್ಚು ಮಾಡುವುದು?

ಬಹಳ ಜನ ಎಡವುವುದು ಇಲ್ಲಿ. ಎರಡು ಪಟ್ಟೆಯ ಫಿಲ್ಟರ್ ಹೈಡ್ರೋಜನ್‌ನ ಕೆಂಪನ್ನೂ ಆಮ್ಲಜನಕದ 500.7 ನ್ಯಾನೋಮೀಟರಿನ ಹಸಿರುನೀಲಿಯನ್ನೂ ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಈ ಹಸಿರುನೀಲಿ ಗೆರೆಗೊಂದು ಚಂದದ ಕತೆಯಿದೆ. 1864ರಲ್ಲಿ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಯ ರೋಹಿತ (ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿ) ನೋಡಿ ಅದು ಅನಿಲವೆಂದು ಕಂಡುಕೊಂಡರು. ಅಲ್ಲಿ ಕಂಡ ಗೆರೆ ಯಾವ ಧಾತುವಿಗೂ ಹೊಂದಲಿಲ್ಲ. 'ನೆಬ್ಯೂಲಿಯಂ' ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೇ ಎಂದು ತೋರಿಸುವವರೆಗೂ ಆ ಹೆಸರು ಉಳಿದಿತ್ತು.

ಇಂಥ ಗೆರೆಗಳಲ್ಲಿ ಹೊಳೆಯುವ ನೀಹಾರಿಕೆಗಳನ್ನು ಆ ಫಿಲ್ಟರ್ ಹಾಕಿ ನಗರದ ತಾರಸಿಯಿಂದಲೂ, ಚಂದ್ರನಿರುವ ರಾತ್ರಿಯಲ್ಲೂ ತೆಗೆಯಬಹುದು. ಹಾಗಿರುವಾಗ ಅಮಾವಾಸ್ಯೆಯ ಆಸುಪಾಸಿನಲ್ಲಿ ನಡೆಯುವ ಕೂಟದ ಅಪರೂಪದ ಕತ್ತಲನ್ನು ಅವಕ್ಕೆ ಯಾಕೆ ಸುರಿಯಬೇಕು? ಮನೆಯಿಂದ ಸಿಗದವು ಬೇರೆ ಇವೆ. ಕೃತ್ತಿಕೆಯ ಸುತ್ತಲಿನ ನೀಲಿ ಧೂಳು, ಮಹಾವ್ಯಾಧನ ಎಂ78, ಸೀಫಿಯಸ್ ಪುಂಜದ ಐರಿಸ್, ಜ್ಯೇಷ್ಠಾ ನಕ್ಷತ್ರದ ಸುತ್ತ ಹಳದಿ ನೀಲಿಯಾಗಿ ಹರಡಿದ ರೋ ಒಫಿಯುಕಿ ಮೋಡ. ಇವು ಹೆಚ್ಚಾಗಿ ನಕ್ಷತ್ರದ ಬೆಳಕನ್ನು ಚದುರಿಸಿ ಬೆಳಗುವಂಥವು, ಎಲ್ಲ ಬಣ್ಣಗಳಲ್ಲೂ ಸ್ವಲ್ಪ ಸ್ವಲ್ಪ. ಫಿಲ್ಟರ್ ಹಾಕಿದರೆ ನೀಹಾರಿಕೆಯೇ ಮಾಯ, ಹಾಕದಿದ್ದರೆ ನಗರದ ಬೆಳಕು ನುಂಗುತ್ತದೆ. ಕತ್ತಲೊಂದೇ ಮದ್ದು. ಕೂಟಕ್ಕೆ ಹೋದಾಗ ನಾನು ಫಿಲ್ಟರನ್ನು ಚೀಲದಿಂದ ತೆಗೆಯುವುದೇ ಇಲ್ಲ.

ಎಂ42ಕ್ಕೆ ಮಾತ್ರ ಒಂದು ಎಚ್ಚರಿಕೆ. ಅದರ ನಡುವಿನ ನಾಲ್ಕು ನಕ್ಷತ್ರಗಳ ಟ್ರೆಪೀಜಿಯಂ ಉದ್ದದ ಫ್ರೇಮಿನಲ್ಲಿ ಸುಟ್ಟು ಬಿಳಿಯಾಗುತ್ತದೆ. ಐದು ಹತ್ತು ಸೆಕೆಂಡಿನ ಇಪ್ಪತ್ತು ಮೂವತ್ತು ಫ್ರೇಮ್ ಬೇರೆಯಾಗಿ ತೆಗೆದಿಟ್ಟುಕೊಂಡು ಆಮೇಲೆ ನಡುವಿಗೆ ಬೆಸೆಯಬೇಕು.

ಪಕ್ಕದವರ ಕಣ್ಣು

ಸರಂಜಾಮು ಆರಿಸುವಾಗ ಅದು ಹೊಮ್ಮಿಸುವ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಕೆಡಲು ಒಂದು ಲ್ಯಾಪ್‌ಟಾಪ್ ಸಾಕು. ಟ್ರ್ಯಾಕರಿನಲ್ಲಿರುವುದು ಒಂದು ಸಣ್ಣ ದೀಪ, ಅದಕ್ಕೆ ಕಪ್ಪು ಟೇಪ್ ಹಚ್ಚಿದರೆ ಮುಗಿಯಿತು. ದೊಡ್ಡ ಮೌಂಟಿನವರು ಪರದೆಗೆ ಕೆಂಪು ಹಾಳೆ ಹಚ್ಚಿ, ಅದನ್ನು ರಟ್ಟಿನ ಪೆಟ್ಟಿಗೆಯೊಳಗೆ ಇಡಬೇಕು. ಸ್ಮಾರ್ಟ್ ದೂರದರ್ಶಕದವರು ಮೊಬೈಲನ್ನು ಕೆಂಪಿಗೆ ತಿರುಗಿಸಬೇಕು. ಹಸಿರು ಲೇಸರ್ ಯಾರ ಕೈಯಲ್ಲೂ ಬೇಡ, ಒಂದು ಗೆರೆ ಎಳೆದರೆ ನಾಲ್ಕು ಜನರ ಫ್ರೇಮ್ ಹಾಳು. ಛಾಯಾಗ್ರಾಹಕರಿಗೆ ಬೇರೆ ಜಾಗ ಇದೆಯೇ, ವಿದ್ಯುತ್ ಕೊಡುತ್ತಾರೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ. ವಾಹನವನ್ನು ಹೊರಬಾಗಿಲಿನ ಕಡೆ ಮುಖ ಮಾಡಿ ನಿಲ್ಲಿಸಿ. ನನ್ನ ಒಂಬತ್ತು ಫ್ರೇಮ್‌ಗಳಲ್ಲಿ ಎರಡು ಹೋದದ್ದು ನಡುರಾತ್ರಿ ಹೊರಟವರೊಬ್ಬರ ಹೆಡ್‌ಲೈಟಿಗೆ.

ಬೆಳಕು ಹರಿಯುವಾಗ ಎಲ್ಲರೂ ನಿದ್ದೆಗಣ್ಣಿನಲ್ಲಿ ಸಾಮಾನು ಕಟ್ಟತೊಡಗುತ್ತಾರೆ. ಫೋಕಸ್ ಮುಟ್ಟುವ ಮೊದಲು, ಲೆನ್ಸ್ ಕಳಚುವ ಮೊದಲು, ಬಿಳಿ ಬನಿಯನ್ ಒಂದನ್ನು ಸುಕ್ಕಿಲ್ಲದೆ ಲೆನ್ಸಿನ ಬಾಯಿಗೆ ಬಿಗಿದು ತಿಳಿ ಆಕಾಶದತ್ತ ತಿರುಗಿಸಿ ಇಪ್ಪತ್ತು ಫ್ಲ್ಯಾಟ್ ಫ್ರೇಮ್ ತೆಗೆಯಿರಿ. ಮೂಲೆಗಳ ಕಪ್ಪು, ಸೆನ್ಸರಿನ ಧೂಳಿನ ಕಲೆ ಆಮೇಲೆ ಹೋಗುವುದು ಅದರಿಂದಲೇ. ಎರಡು ನಿಮಿಷದ ಕೆಲಸ. ಆ ಹಿರಿಯರು ಬನಿಯನ್ ತಂದಿರಲಿಲ್ಲ. ಕಾಲುಚೀಲವನ್ನು ಲೆನ್ಸಿನಿಂದ ಬಿಚ್ಚಿ ಪಕ್ಕಕ್ಕಿಟ್ಟು, ಹೆಗಲ ಮೇಲಿದ್ದ ಪಂಚೆಯನ್ನೇ ಎರಡು ಮಡಿಕೆ ಮಾಡಿ ಬಿಗಿದರು.